ಮಾವನವರ ಎಡಗೈ ಮತ್ತು ಸವೆದ ಹಲಗೆ

ಹೋದ ತಿಂಗಳು ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ನನ್ನನ್ನು ಬಳ್ಳಾರಿಗೆ ಹಾಕಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಕಂಟೋನ್ಮೆಂಟಿನ ಕಡೆ ಸುಮ್ಮನೆ ನಡೆದು ಹೊರಟಿದ್ದೆ. ಒಂದು ಗೇಟಿನ ಮುಂದೆ ಯಾರೋ ಕಾರಿಗೆ ಮೇಣ ಹಚ್ಚಿ ಉಜ್ಜುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕಾಲುಗಳು ಅಲ್ಲೇ ನಿಂತವು. ಆರು ವರ್ಷದ ಹಿಂದಿನ ಮಳೆಗಾಲವೊಂದು, ಅದರ ಬಸ್ಸು, ಬೆಂಚು, ಬೇವಿನ ಗಾಳಿಯ ಸಮೇತ, ಎದುರಿಗೆ ಬಂದು ನಿಂತಿತು.

ಆಗ ನಾನು ಕುರುಗೋಡಿನಿಂದ ಸಿರುಗುಪ್ಪಕ್ಕೆ ಸೊಸೆಯಾಗಿ ಬಂದು ಎರಡು ವರ್ಷ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ. ಗಂಡ ಬಸವರಾಜ ಅಕ್ಕಿ ಲಾರಿ ಓಡಿಸುವವರು, ಹದಿನೈದು ದಿನಕ್ಕೊಮ್ಮೆ ಮನೆ ಕಾಣುವವರು. ಮನೆಯಲ್ಲಿ ಅತ್ತೆ, ನಾನು, ಮತ್ತು ಮಾವ ವೀರಭದ್ರಪ್ಪನವರು.

ಮಾವನವರು ಅಕ್ಕಿ ಗಿರಣಿಗಳ ಬಡಗಿ. ಗಿರಣಿಯಲ್ಲಿ ಭತ್ತ ಓಡುವ ಪಟ್ಟಿಯ ಮೇಲೆ ಅಟ್ಟಕ್ಕೇರಿ, ಅಲ್ಲಿಂದ ತಗಡು ಬಡಿದ ಮರದ ಜಾರುಗಳಲ್ಲಿ ಸುರಿಯುತ್ತಾ ಒಂದು ಯಂತ್ರದಿಂದ ಇನ್ನೊಂದಕ್ಕೆ ಇಳಿಯುತ್ತದೆ. ಭತ್ತದ ಹೊಟ್ಟು ನೋಡಲಿಕ್ಕೆ ಹಗುರ. ಆದರೆ ಒಂದು ಹಂಗಾಮಿನೊಳಗೆ ತಗಡನ್ನೂ ತಿಂದು ಮರವನ್ನೂ ತಿನ್ನುತ್ತದೆ. ಮಳೆಗಾಲದಲ್ಲಿ ಗಿರಣಿಗಳು ನಿಂತಾಗ ಮಾವನವರು ಒಂದೊಂದೇ ಜಾರು ಬಿಚ್ಚಿ, ಸವೆದದ್ದನ್ನು ತೆಗೆದು ಹೊಸದು ಕೂಡಿಸುತ್ತಿದ್ದರು. ಉಳಿ, ಸುತ್ತಿಗೆ ಎಲ್ಲವೂ ಎಡಗೈಯಲ್ಲೇ. ಊರೆಲ್ಲ ಅವರನ್ನು ಎಡಗೈ ಮೇಸ್ತ್ರಿ ಅನ್ನುತ್ತಿತ್ತು. ನನ್ನೊಡನೆ ಆ ಎರಡು ವರ್ಷದಲ್ಲಿ ಅವರು ಆಡಿದ್ದು "ನೀರು", "ಚಹಾ", "ಬಸ್ಸು ಬಂತೇನು" ಇಷ್ಟೇ ಇರಬೇಕು.

ಆರಿದ್ರಾ ಮಳೆ ನಾಲ್ಕು ಹನಿ ಉದುರಿಸಿ ಹೋದ ಒಂದು ಬೆಳಿಗ್ಗೆ, ಗಿರಣಿಯಲ್ಲಿ ಹಲಗೆ ಬಿಚ್ಚುತ್ತಿದ್ದಾಗ ಸುತ್ತಿಗೆ ಅವರ ಕೈಯಿಂದ ಜಾರಿ ಬಿತ್ತಂತೆ. ಎತ್ತಲಿಕ್ಕೆ ಬಗ್ಗಿದರು, ಬೆರಳು ಮಡಚಲಿಲ್ಲ. ಪಕ್ಕದಲ್ಲಿದ್ದವರಿಗೆ, "ಯಾಕೋ ಕೈಗೆ ಮರವು ಬಂದಂಗ ಆಗೈತಿ ನೋಡ್ರಿ," ಅಂದರಂತೆ. ಆಮೇಲೆ ಎಡಗಾಲೂ ಸೋತು ಅಲ್ಲೇ ಕುಸಿದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಮಾತು ಉಳಿಯಿತು, ಕಾಲು ಮೆಲ್ಲಗೆ ಮರಳಿತು. ಕೈ ಮಾತ್ರ ಹೆಗಲಿಂದ ನೇತು ಬಿದ್ದಿತ್ತು. ಕೈಗೆ ವ್ಯಾಯಾಮವೇ ಮದ್ದು, ಕಂಟೋನ್ಮೆಂಟಿನಲ್ಲಿ ಶಬಾನಾ ಅಂತ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆ, ವಾರಕ್ಕೆ ಮೂರು ದಿನ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ಕರೆದುಕೊಂಡು ಹೋಗುವವರು ಯಾರು? ಗಂಡ ರಸ್ತೆಯ ಮೇಲೆ, ಅತ್ತೆಗೆ ಮೊಣಕಾಲು ನೋವು. ನಾನು ಹೊರಟೆ. ಬಳ್ಳಾರಿಯಲ್ಲಿ ಪರೀಕ್ಷೆಯ ತರಬೇತಿಗೆ ಸೇರಬೇಕೆಂದುಕೊಂಡಿದ್ದೆ. ಆ ಊರಿಗೇ ವಾರಕ್ಕೆ ಮೂರು ಸಲ ಹೋದೆ, ತರಬೇತಿಗೆ ಮಾತ್ರ ಹೋಗಲಿಲ್ಲ. ಹೊಟ್ಟೆಯೊಳಗೆ ಸಿಟ್ಟಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಕೆಲವು ಬಸ್ಸುಗಳು ಕುರುಗೋಡಿನ ಮೇಲೆ ಹಾಯ್ದು ಹೋಗುತ್ತಿದ್ದವು. ಅಂಥ ದಿನ ನನ್ನವ್ವ ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿಯಲ್ಲಿ ರೊಟ್ಟಿಯ ಗಂಟು ಕೊಟ್ಟು, "ಬೀಗರು ಹೆಂಗದಾರ?" ಎಂದು ಪಿಸುಗುಟ್ಟುತ್ತಿದ್ದಳು. ಬೀಗರು ಮುಖ ಆ ಕಡೆ ತಿರುಗಿಸಿ, ಎಡಗೈಯನ್ನು ಟವಲಿನ ಕೆಳಗೆ ಬಚ್ಚಿಟ್ಟುಕೊಂಡು ಕೂತಿರುತ್ತಿದ್ದರು. ಕಾಲುವೆಗೆ ನೀರು ಬಿಟ್ಟಿದ್ದರು. ರಸ್ತೆಯ ಎರಡೂ ಬದಿ ಗದ್ದೆ ಕೆಸರಾಗಿ, ನಾಟಿ ಹಾಕುವ ಹೆಂಗಸರು ಸಾಲಾಗಿ ಬಗ್ಗಿದ್ದರು. ಮಾವನವರು ಅದನ್ನೂ ನೋಡುತ್ತಿರಲಿಲ್ಲ.

ಶಬಾನಾ ನನಗಿಂತ ಐದಾರು ವರ್ಷ ದೊಡ್ಡವರು, ನಗುಮುಖದವರು. ಹಳೆಯ ಬಂಗಲೆಯ ಮುಂದಿನ ಕೋಣೆಯೇ ಅವರ ದವಾಖಾನೆ. ಮೆತ್ತನೆಯ ಚೆಂಡು ಹಿಸುಕಿರಿ, ಗೂಟ ಎತ್ತಿ ತೂತಿನಲ್ಲಿಡಿರಿ, ಬಟ್ಟೆಯಿಂದ ಮೇಜು ಒರೆಸಿರಿ ಎಂದು ಹೇಳಿಕೊಡುತ್ತಿದ್ದರು. ಮಾವನವರು ಮುಖ ಗಂಟು ಹಾಕಿ, "ಇವು ಕೂಸಿನ ಆಟ. ನಾ ಏನು ಕೂಸೇನು?" ಅನ್ನುತ್ತಿದ್ದರು. ಒಂದು ತಿಂಗಳು ಕಳೆಯಿತು. ಬೆರಳು ಒಂದಿಷ್ಟೂ ಅಲ್ಲಾಡಲಿಲ್ಲ.

ಬಂಗಲೆಯ ಹಿಂದಿನ ಪಡಸಾಲೆಯಲ್ಲಿ ಒಂದು ಪಿನ್‌ಬಾಲ್ ಯಂತ್ರವಿತ್ತು. ಶಬಾನಾ ಅವರ ಚಾಚಾ ಒಂದು ಕಾಲಕ್ಕೆ ಟಾಕೀಸಿನ ಪಕ್ಕ ಆಟದ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿದಾಗ ಎಲ್ಲವನ್ನೂ ಮಾರಿ, ಇದೊಂದನ್ನು ಮಾರಲಾರದೆ ಇಲ್ಲಿ ತಂದಿಟ್ಟಿದ್ದರು. ಮಂಚದಷ್ಟು ಉದ್ದದ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಇಳಿಜಾರಾದ ಬಣ್ಣದ ಹಲಗೆ. ನೆಲ್ಲಿಕಾಯಿ ಗಾತ್ರದ ಉಕ್ಕಿನ ಗುಂಡು ಅದರ ಮೇಲೆ ಗೂಟಗಳಿಗೆ ಬಡಿದು, ತಂತಿಯ ಸೇತುವೆ ಹತ್ತಿ ಇಳಿದು ಕೆಳಗೆ ಉರುಳಿ ಬರುತ್ತದೆ. ಪೆಟ್ಟಿಗೆಯ ಎಡಬಲಕ್ಕೆ ಒಂದೊಂದು ಗುಂಡಿ. ಅದನ್ನು ಒತ್ತಿದರೆ ಒಳಗಿನ ಪುಟ್ಟ ರೆಕ್ಕೆ ಎದ್ದು ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುತ್ತದೆ. ಕೈಬೆರಳು ಸೋತವರಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ ಎಂದು ಶಬಾನಾ ಕಂಡುಕೊಂಡಿದ್ದರು.

ಮಾವನವರನ್ನು ಅದರ ಮುಂದೆ ನಿಲ್ಲಿಸಿದರು. ಅವರು ಗುಂಡಿ ಮುಟ್ಟಲಿಲ್ಲ. ಗಾಜಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಹಲಗೆಯ ಮೇಲೆ ಸರ್ಕಸ್ಸಿನ ಚಿತ್ರವಿತ್ತು. ನಡುವೆ ಒಂದು ಸಿಂಹ. ಅದರ ಎಡಗಡೆಯ ಕೂದಲಿನ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು, ಮೈತುಂಬ ಸಣ್ಣ ಸಣ್ಣ ತಗ್ಗುಗಳಿದ್ದವು.

"ಈ ಹಲಗಿ ಯಾಕ ಹಿಂಗ ತಿಂದೈತಿ?" ಅಂದರು.

"ಹಳೇದಾಗೈತ್ರಿ ಮೇಸ್ತ್ರಿ, ಅಷ್ಟ," ಅಂದರು ಶಬಾನಾ.

"ಹಳೇದಾಗೂದು ಅಂದ್ರ ಏನ್ರಿ? ಸುಮ್ಮನ ಯಾವುದೂ ಹಳೇದಾಗಂಗಿಲ್ಲ. ಯಾವುದಾರ ಬಂದು ತಿಂದಿರಬೇಕು. ತಿಂದಿದ್ದು ಯಾವುದು? ಬಲಕ ಬಿಟ್ಟು ಎಡಕ ಯಾಕ ತಿಂತು?"

ಒಂದು ತಿಂಗಳಲ್ಲಿ ಅವರ ಬಾಯಿಂದ ಅಷ್ಟು ಉದ್ದದ ಮಾತು ಬಂದಿರಲಿಲ್ಲ. ಶಬಾನಾ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಕೀಲಿ ತಂದು ಗಾಜು ಸರಿಸಿದರು.

ಅವತ್ತಿನಿಂದ ಬಸ್ಸಿನಲ್ಲಿ ಮಾವನವರು ಟವಲನ್ನೂ ಕೈಯನ್ನೂ ಮರೆತರು. ಹಲಗೆಯದೇ ಯೋಚನೆ. ಮೊದಲು ರಸಮಟ್ಟ ತರಿಸಿ ಪೆಟ್ಟಿಗೆಯ ಮೇಲೆ ಅಡ್ಡಡ್ಡ ಇಟ್ಟರು. ಒಳಗಿನ ಗುಳ್ಳೆ ಬಲಕ್ಕೆ ಓಡಿತು. ಯಂತ್ರ ಎಡಕ್ಕೆ ವಾಲಿತ್ತು, ಗುಂಡು ಸದಾ ಎಡದ ಹಾದಿಯನ್ನೇ ಹಿಡಿಯುತ್ತಿತ್ತು. "ಒಂದನೇ ಕಳ್ಳ ಸಿಕ್ಕ," ಅಂದರು. ಗುಂಡನ್ನು ಹೊರತೆಗೆದು ಬಲಗೈ ಹೆಬ್ಬೆರಳಿಂದ ಸವರಿದರು. ತುಕ್ಕು ಹಿಡಿದು ಅಲ್ಲಲ್ಲಿ ಗುಳಿ ಬಿದ್ದಿತ್ತು, ಸುತ್ತ ಕಪ್ಪು ಧೂಳು. "ಇದು ಗುಂಡಲ್ಲ, ಉಪ್ಪುಕಾಗದ. ಉರುಳಿದಾಗೊಮ್ಮೆ ಕೆರಕೋಂತ ಹೋಗೈತಿ. ನಮ್ಮ ಭತ್ತದ ಹೊಟ್ಟು ಮಾಡಿದ ಕೆಲಸನ ಇದು." ಹಲಗೆಯಲ್ಲಿ ದೀಪ ಕಾಣಲೆಂದು ಕೂಡಿಸಿದ ಪ್ಲಾಸ್ಟಿಕ್ಕಿನ ಬಿಲ್ಲೆಗಳಿದ್ದವು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಪ್ಲಾಸ್ಟಿಕ್ ಹಾಗೆಯೇ ಇರುತ್ತದೆ. ಹೀಗಾಗಿ ಬಿಲ್ಲೆಯ ಅಂಚು ಎದ್ದು, ಹಾದುಹೋಗುವ ಗುಂಡು ಅಲ್ಲಿನ ಬಣ್ಣವನ್ನು ಕಿತ್ತಿತ್ತು. ಅದನ್ನೂ ಅವರೇ ಉಗುರಿನಿಂದ ತಡವಿ ಪತ್ತೆಹಚ್ಚಿದರು.

ತಗ್ಗುಗಳು ಮಾತ್ರ ಬಗೆಹರಿಯಲಿಲ್ಲ. ಉರುಳುವ ಗುಂಡು ತಗ್ಗು ಹೇಗೆ ಮಾಡೀತು? ನನಗೆ ಡಿಗ್ರಿಯ ಪ್ರಯೋಗಶಾಲೆ ನೆನಪಾಯಿತು. ಇಳಿಜಾರಿನಿಂದ ಗುಂಡು ಬಿಟ್ಟು, ಅದು ಬೀಳುವ ಜಾಗವನ್ನು ಹಿಡಿಯಲು ಬಿಳಿ ಹಾಳೆಯ ಮೇಲೆ ಕಾರ್ಬನ್ ಹಾಳೆ ಹಾಸುತ್ತಿದ್ದೆವು. ಹಿಂಜರಿಯುತ್ತಲೇ ಹೇಳಿದೆ. ಮಾವನವರು ಮೊದಲ ಬಾರಿ ನನ್ನನ್ನು ನೆಟ್ಟಗೆ ನೋಡಿದರು.

"ನಿನಗ ಇದು ಗೊತ್ತಿತ್ತೇನು?"

"ಓದೀನಿ ಮಾವಾರ."

"ಮತ್ತ ಇಷ್ಟು ದಿನ ಬಾಯಿ ಮುಚಗೊಂಡು ಯಾಕ ಕುಂತಿದ್ದಿ? ತರಸು, ತರಸು."

ನನ್ನ ಪರೀಕ್ಷೆಯ ನೋಟ್‌ಬುಕ್ಕಿನ ಹಾಳೆ ಹರಿದು, ಗೂಟಗಳ ನಡುವೆ ಕತ್ತರಿಸಿ ಹಾಸಿ, ಮೇಲೆ ಕಾರ್ಬನ್ ಇಟ್ಟೆ. ಗಾಜು ಇಲ್ಲದೆ ನಾನು ಆಡಬೇಕು, ಅವರು ನೋಡಬೇಕು. ಮೂರನೇ ಹೊಡೆತಕ್ಕೆ ಗುಂಡು ಜಿಗಿದು ಅವರ ಮೊಣಕಾಲಿಗೇ ಬಡಿಯಿತು. ನಾನು ಹೆದರಿ ಹಿಂದೆ ಸರಿದೆ. ಅವರು ಮೊಣಕಾಲು ಉಜ್ಜಿಕೊಳ್ಳುತ್ತಾ ನಕ್ಕರು! "ಈಗ ತಿಳೀತು. ಇದು ಉರಳೂದಷ್ಟ ಅಲ್ಲ, ಹಾರತೈತಿ."

ಕಾರ್ಬನ್ ಎತ್ತಿ ನೋಡಿದರೆ ತಂತಿಯ ಸೇತುವೆ ಮುಗಿಯುವ ಕಡೆ ಕಪ್ಪು ಚುಕ್ಕೆಗಳು ಇರುವೆ ಮುತ್ತಿದಂತೆ ಬಿದ್ದಿದ್ದವು. ಅಲ್ಲಿ ಗುಂಡು ನಾಲ್ಕು ಬೆರಳಿನಷ್ಟು ಎತ್ತರದಿಂದ ಧೊಪ್ಪೆಂದು ಬೀಳುತ್ತಿತ್ತು. ರೆಕ್ಕೆಗಳ ಮುಂದೆಯೂ ಚುಕ್ಕೆಗಳಿದ್ದವು. ಹೊಡೆತ ಜೋರಾದರೆ ಗುಂಡು ಕಣ್ಣಿಗೆ ಕಾಣದಷ್ಟು ಎದ್ದು ಬಿದ್ದು ಎದ್ದು ಹೋಗುತ್ತಿತ್ತು. ಮಾವನವರು ನನ್ನ ಅಂಗೈಯನ್ನು ಹಲಗೆಯ ಮೇಲೆ ಇಡಿಸಿದರು.

"ಮ್ಯಾಲೆ ಮುಟ್ಟು. ಒಂದೊಂದು ತಗ್ಗು ಬ್ಯಾರೆ ಬ್ಯಾರೆ ಸಿಗತೈತಲ್ಲ? ಈಗ ಕೆಳಗ, ರೆಕ್ಕಿ ಮುಂದ ಮುಟ್ಟು. ಇಲ್ಲಿ ಪೆಟ್ಟು ಹೆಚ್ಚು, ಆದ್ರೂ ಮಟ್ಟ ಐತಿ. ತಗ್ಗಿನ ಮ್ಯಾಲ ತಗ್ಗು ಬಿದ್ದು ಎಲ್ಲಾ ಒಂದಾಗೈತಿ. ಹೊಸಾ ಹಲಗಿಗೆ ಮೊದಲನೇ ತಗ್ಗು ಬಿದ್ದಾಗ ಹೊಟ್ಟಿ ಉರೀತೈತಿ. ಆದ್ರ ತಗ್ಗು ಹಲಗಿನ ಕೆಡಸಂಗಿಲ್ಲ ಸುವರ್ಣಾ. ಅಲ್ಲಿ ಕಟ್ಟಿಗಿ ಒತಗೊಂಡಿರತೈತಿ, ಹೋಗಿರಂಗಿಲ್ಲ. ಕೆಡಸೂದು ಕೊಳಿ ಮತ್ತ ತುಕ್ಕು. ಅದು ತಿಂದಿದ್ದು ತಿರುಗಿ ಬರಂಗಿಲ್ಲ."

ಅವರು ನನ್ನ ಹೆಸರು ಹಿಡಿದು ಕರೆದದ್ದು ಅವತ್ತೇ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸೇತುವೆಯ ಕೆಳಗಿನ ಒಂದು ತಗ್ಗು ಬಹಳ ಆಳವಾಗಿತ್ತು. ಅದನ್ನು ಎಬ್ಬಿಸಿಯೇ ಬಿಡುತ್ತೇನೆಂದರು. ಬಡಗಿಗಳು ಮಾಡುವ ಕೆಲಸವೇ ಅದು. ಬರಿ ಕಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಅದುಮಿದ ಕಟ್ಟಿಗೆ ಉಬ್ಬಿ ಮೇಲಕ್ಕೆ ಬರುತ್ತದೆ. ಶಬಾನಾ ಮುಂದಿನ ಕೋಣೆಯಲ್ಲಿ ಬೇರೊಬ್ಬರಿಗೆ ವ್ಯಾಯಾಮ ಮಾಡಿಸುತ್ತಿದ್ದರು. ನಾನು ಇಸ್ತ್ರಿ ಹಿಡಿದೆ, ಮಾವನವರು ಬಲಗೈಯಿಂದ ಬಟ್ಟೆ ಹಿಡಿದರು. "ಒತ್ತು, ಇನ್ನೊಂದೀಟು ಒತ್ತು," ಅಂದರು. ಹಬೆ ಎದ್ದಿತು. ಬಟ್ಟೆ ಎತ್ತಿದಾಗ ಸಿಂಹದ ಕಿವಿ, ಕಣ್ಣು ಬಟ್ಟೆಗೇ ಅಂಟಿಕೊಂಡು ಬಂದವು. ಕೆಳಗಿನ ಪ್ಲೈವುಡ್ಡಿನ ಮೇಲ್ಪದರವೂ ಹಪ್ಪಳದಂತೆ ಎದ್ದು ನಿಂತಿತ್ತು.

ಶಬಾನಾ ಬಂದು ನೋಡಿ, "ಚಾಚಾಗೆ ಹೇಳಬೇಕು," ಎಂದಷ್ಟೇ ಅಂದರು. ಬಸ್ಸಿನಲ್ಲಿ ಎಡಗೈ ಮತ್ತೆ ಟವಲಿನ ಕೆಳಗೆ ಹೋಯಿತು.

ಹತ್ತು ದಿನ ಅವರು ಮನೆ ಬಿಟ್ಟು ಕದಲಲಿಲ್ಲ. "ಮೇಸ್ತ್ರಿ ಅನ್ನಿಸಿಕೊಂಡಾಂವಗ ಬಣ್ಣದ ಹಲಗಿಗೆ ನೀರು ಕುಡಿಸಬಾರದು ಅಂತ ತಿಳೀಲಿಲ್ಲ. ಕೈ ಹೋತು, ಬುದ್ಧಿನೂ ಹೋತು," ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದರು. ಹೊಳೆಗೆ ಹೊಸ ನೀರು ಬಂದಿದೆ, ಕೆಂಚನಗುಡ್ಡದ ತನಕ ಹೋಗಿ ನೋಡಿ ಬರೋಣ ಎಂದು ಅತ್ತೆ ಕರೆದರೂ ಏಳಲಿಲ್ಲ. ಗಿರಣಿಯ ಸಾಹುಕಾರರು ಬೇರೆ ಮೇಸ್ತ್ರಿಯನ್ನು ಕರೆಸುತ್ತಾರಂತೆ ಎಂಬ ಸುದ್ದಿಯೂ ಬಂತು.

ಹನ್ನೊಂದನೆಯ ದಿನ ನನಗೆ ತಡೆಯಲಾಗಲಿಲ್ಲ. ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದರು. ಅವರೆದುರಿಗೇ ಮಾವನವರ ಮುಂದೆ ನಿಂತೆ.

"ಇಸ್ತ್ರಿ ಹಿಡದಾಕಿ ನಾನ್ರಿ ಮಾವಾರ. ಹಲಗಿ ಸುಟ್ಟಿದ್ದು ನನ್ನ ಕೈ. ನೀವು ನಿಮ್ಮ ಕೈ ಮುಚ್ಚಿಟಗೊಂಡು ಕುಂತೀರಿ. ನಾನೂ ನನ್ನ ಕೈ ಸೆರಗಿನ್ಯಾಗ ಸುತಗೊಂಡು ಮೂಲ್ಯಾಗ ಕೂಡ್ಲೇನು? ರೊಟ್ಟಿ ಯಾರು ಬಡೀಬೇಕು? ತರಬೇತಿ ಬಿಟ್ಟು ನಿಮ್ಮ ಕೂಡ ತಿರುಗೀನಿ, ಬ್ಯಾಸರ ಮಾಡಿಕೊಂಡಿದ್ದೆ, ಹೌದು. ಆದ್ರ ಆ ಹಲಗಿ ಮುಂದ ನಿಂತಾಗ ಬ್ಯಾಸರ ಇರಲಿಲ್ರಿ."

ಮೊರ ನಿಂತಿತು. ಮಾವನವರು ಅತ್ತೆಯ ಕಡೆ ತಿರುಗಿ, "ಅಂಗಿ ಕೊಡು," ಅಂದರು.

ಕಂಟೋನ್ಮೆಂಟಿನಲ್ಲಿ ಅವತ್ತು ಚಾಚಾ ಬಂದಿದ್ದರು. ಕೌಲ್ ಬಜಾರಿನಿಂದ ಆಟೋ ಮಾಡಿಕೊಂಡು ಬಂದ, ಬಡಕಲು ಮೈಯ, ಬಿಳಿ ಗಡ್ಡದ ಮುದುಕರು. ಬಯ್ಯುತ್ತಾರೆಂದು ನಾವಿಬ್ಬರೂ ಬಾಗಿಲಲ್ಲೇ ನಿಂತೆವು. ಅವರು ಬಣ್ಣ ಹೋದ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದರು.

"ಅರೆ ಮೇಸ್ತ್ರಿ, ಎಷ್ಟೋ ವರ್ಷ ಇದನ್ನ ಮಂದಿ ಗುದ್ದಿದ್ರು, ಒದ್ದಿದ್ರು, ಚಹಾ ಚೆಲ್ಲಿದ್ರು. ರಿಪೇರಿ ಮಾಡಾಕ ಹೋಗಿ ಕೆಡಸಿದವರು ನೀವ ಮೊದಲು ನೋಡ್ರಿ!" ಎಂದು ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಬೇರಿಂಗ್ ಅಂಗಡಿಯಿಂದ ತಂದ ಹೊಸ ಉಕ್ಕಿನ ಗುಂಡು, ಕನ್ನಡಿಯಂತೆ ಹೊಳೆಯುತ್ತಿತ್ತು. "ತುಕ್ಕಿನ ಗುಂಡ ಹಲಗಿ ತಿಂದಿದ್ದು ಅಂತ ಹೇಳಿದ್ರಂತಲ್ಲ, ಶಬಾನಾ ಹೇಳಿದಳು. ನನಗ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಕೆಡಸಿದವರು ನೀವು, ನೆಟ್ಟಗ ಮಾಡೋರೂ ನೀವ."

ಹೊಸ ತೇಪೆಯ ಕೆಲಸ ಶುರುವಾಯಿತು. ಎದ್ದ ಪದರವನ್ನು ಚೌಕಾಕಾರಕ್ಕೆ ಕತ್ತರಿಸಿ ತೆಗೆಯಬೇಕು, ಅದೇ ದಪ್ಪದ ತೆಳು ಕಟ್ಟಿಗೆಯ ಹಾಳೆಯನ್ನು ಕೂಡಿಸಬೇಕು. ಮಾವನವರು ಬಲಗೈಯಿಂದ ಉಳಿ ಹಿಡಿದರು. ಸೊಟ್ಟಗಾಯಿತು, ತಿದ್ದಿದರು. ಒಂದು ತೇಪೆ ಹಾಳಾಯಿತು, ಇನ್ನೊಂದು ಕತ್ತರಿಸಿದರು. ಅಂಟು ಹಚ್ಚಿ ಕೂಡಿಸಿದ ಮೇಲೆ ಅದನ್ನು ಒತ್ತಿ ಹಿಡಿಯಬೇಕಿತ್ತು. ಗೂಟಗಳ ನಡುವಿನ ಇಕ್ಕಟ್ಟಿನ ಜಾಗ, ಬಿಗಿಹಿಡಿಯುವ ಶಿಕಂಜ ಕೂರುವಂತಿರಲಿಲ್ಲ. ನಾನು ಕೈ ಚಾಚಿದೆ. ಶಬಾನಾ ನನ್ನ ಮಣಿಕಟ್ಟು ಹಿಡಿದು ತಡೆದರು.

"ಮೇಸ್ತ್ರಿ, ನಿಮ್ಮ ಎಡಗೈ ಖಾಲಿ ಐತಲ್ರಿ," ಅಂದರು.

ಮಾವನವರು ಬಲಗೈಯಿಂದ ಎಡಗೈಯನ್ನು ಎತ್ತಿ, ಹೆಬ್ಬೆರಳನ್ನು ತೇಪೆಯ ಮೇಲೆ ಇಟ್ಟರು. ಮೊದಲ ನಿಮಿಷ ಅದು ಬರೀ ಭಾರ. ಆಮೇಲೆ ಉಗುರಿನ ತುದಿ ಬೆಳ್ಳಗಾದದ್ದನ್ನು ನಾನು ನೋಡಿದೆ. ಭಾರದಿಂದ ಉಗುರು ಬೆಳ್ಳಗಾಗುವುದಿಲ್ಲ, ಒತ್ತಿದರೆ ಮಾತ್ರ ಆಗುತ್ತದೆ. ಶಬಾನಾ ಗಡಿಯಾರ ನೋಡುತ್ತಿದ್ದರು. ಮಾವನವರ ಹಣೆಯಿಂದ ಬೆವರು ಗಲ್ಲಕ್ಕಿಳಿಯಿತು. ಹತ್ತು ನಿಮಿಷ. "ಸಾಕ್ರಿ," ಎಂದಾಗ ಅವರು, "ಅಂಟು ಇನ್ನಾ ಕುಂತಿಲ್ಲ," ಎಂದು ಇನ್ನೂ ಐದು ನಿಮಿಷ ಹಿಡಿದರು.

ಸಿಂಹದ ಕಿವಿಯನ್ನೂ ಕಣ್ಣನ್ನೂ ನಾನು ಬರೆದೆ. ಕಣ್ಣು ಸ್ವಲ್ಪ ಎಮ್ಮೆಯದಾಯಿತು. ಬಿಸಿಲು ಬಿದ್ದ ನಾಲ್ಕಾರು ದಿನ ವಾರ್ನಿಷ್ ಒಣಗಿತು. ವಾಲಿದ ಕಾಲಿಗೆ ಮಾವನವರು ಬೆಣೆ ಕೊಟ್ಟರು. ಸವೆಯುವ ಹಾದಿಗಳಿಗೆಲ್ಲ ಕಾರಿನ ಮೇಣ ಹಚ್ಚಿ ಉಜ್ಜುವುದು ಎಡಗೈಯ ಪಾಲಿಗೆ ಬಂತು. ತಿಂಗಳ ಹಿಂದೆ ಮೇಜು ಒರೆಸಲು ಒಲ್ಲೆನೆಂದವರು ಈಗ ಆ ಹಲಗೆಯನ್ನು ಇಡೀ ಮುಂಜಾನೆ ಒರೆಸಿದರು. ಹೆಬ್ಬೆರಳಿನ ಹಿಂದೆ ತೋರುಬೆರಳು ಬಂತು, ಅದರ ಹಿಂದೆ ನಡುಬೆರಳು.

ಆಟ ಆಡಲು ಮಾತ್ರ ಅವರು ಒಪ್ಪಲಿಲ್ಲ. "ತೇಪಿ ತಡೀತೈತೋ ಇಲ್ಲೋ, ಟೆಸ್ಟ್ ಮಾಡಬೇಕು," ಅಂದರು. ಎಡದ ಗುಂಡಿ ಒತ್ತುವಷ್ಟರಲ್ಲಿ ಗುಂಡು ರೆಕ್ಕೆಗಳ ನಡುವೆ ಜಾರಿ ಹೋಗಿರುತ್ತಿತ್ತು. ಮತ್ತೆ ಟೆಸ್ಟು. ದಸರೆ ಬಂದು ಹೋಯಿತು, ಟೆಸ್ಟು ಮುಗಿಯಲಿಲ್ಲ. ಒಂದು ದಿನ ಗುಂಡು ಎಡಕ್ಕೆ ಉರುಳಿ ಬಂತು, ಎಡರೆಕ್ಕೆ ಟಪ್ಪೆಂದು ಎದ್ದಿತು, ಗುಂಡು ಸೇತುವೆ ಹತ್ತಿ ಇಳಿದು ನೇರ ತೇಪೆಯ ಮೇಲೆ ಬಿತ್ತು. ಮಾವನವರು ಆಟ ಬಿಟ್ಟು ಗಾಜಿನ ಮೇಲೆ ಬಗ್ಗಿದರು. "ಬಿತ್ತು ನೋಡು ಮೊದಲನೇ ತಗ್ಗು," ಅಂದರು. ದನಿಯಲ್ಲಿ ಬೇಸರವಿರಲಿಲ್ಲ.

ಆ ವರ್ಷ ಪರೀಕ್ಷೆ ಬರೆದೆ, ಪಾಸಾಗಲಿಲ್ಲ. ಬಸ್ಸಿನಲ್ಲಿ, ಬೆಂಚಿನ ಮೇಲೆ ಓದಿದ್ದು ಅಷ್ಟಕ್ಕೆ ಸಾಲಲಿಲ್ಲ. ಫಲಿತಾಂಶ ನೋಡಿ ಅಡುಗೆಮನೆಯಲ್ಲಿ ಕೂತಿದ್ದಾಗ ಮಾವನವರು ಹೊಸ್ತಿಲ ಹೊರಗೆ ನಿಂತು, "ಮುಂದಿನ ಸಲ ತರಬೇತಿಗೆ ಹೋಗು. ನಾ ಒಬ್ಬನ ಬಸ್ಸು ಹತ್ತಾಕ ಬರತೈತಿ," ಎಂದು ಹೇಳಿ ಹೋದರು. ಮುಂದಿನ ಸಲ ಹೋದೆ. ಈಗ ಕುರುಗೋಡಿನ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ.

ಆ ಹಲಗೆಯ ವರ್ಷವೇ, ಕಾರ್ತಿಕದಲ್ಲಿ ಕೊಯ್ಲು ಶುರುವಾಗುವ ಮುಂಚೆ ಸಾಹುಕಾರರು ಹೇಳಿ ಕಳಿಸಿದರು. ಹೊಸ ಮೇಸ್ತ್ರಿ ಜಾರುಗಳನ್ನು ಕೂಡಿಸಿದ್ದ, ಹಿರಿಯರು ಒಮ್ಮೆ ನೋಡಿ ಹೋಗಲಿ ಎಂದು. ಮಾವನವರು ನನ್ನನ್ನೂ ಬಾ ಅಂದರು. ಗಿರಣಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಟ್ಟದಿಂದ ಇಳಿದು ಬರುವ ಹೊಸ ಮರದ ಜಾರಿನ ಮುಂದೆ ನಿಂತು ಕೇಳಿದರು:

"ಇದು ಮೊದಲು ಎಲ್ಲಿ ಸವೀತೈತಿ, ಹೇಳು ನೋಡೋಣ."

ಭತ್ತ ಎಲ್ಲಿಂದ ಬರುತ್ತದೆ, ಎಷ್ಟು ಎತ್ತರದಿಂದ, ಎಲ್ಲಿ ತಿರುಗುತ್ತದೆ ಎಂದು ಕಣ್ಣಲ್ಲೇ ಅಳೆದು ತಿರುವಿನ ಕೆಳಗೆ ಬೆರಳಿಟ್ಟೆ. ಅವರು ಹೊಸ ಮೇಸ್ತ್ರಿಯ ಕಡೆ ತಿರುಗಿ, "ಒಂದು ರಬ್ಬರ್ ತುಂಡು ಕೊಡಪ್ಪಾ," ಅಂದರು. ಭತ್ತದ ಪೆಟ್ಟು ತಡೆಯಲೆಂದು ನಾನು ತೋರಿಸಿದ ಜಾಗಕ್ಕೇ ಅದನ್ನಿಟ್ಟು, ಬಲಗೈಗೆ ಸುತ್ತಿಗೆ ತೆಗೆದುಕೊಂಡರು. ಮೊಳೆಯನ್ನು ಎಡಗೈಯ ಎರಡು ಬೆರಳು ಹಿಡಿದಿದ್ದವು. ಅದು ನಡುಗುತ್ತಿತ್ತು. ಹೊಸ ಮೇಸ್ತ್ರಿ ಹಿಡಿಯಲು ಮುಂದೆ ಬಂದ. ನಾನು ಅವನಿಗೆ ಕಣ್ಣಲ್ಲೇ ಬೇಡವೆಂದೆ.

ಮಾವನವರು ಉಸಿರು ಬಿಗಿಹಿಡಿದು, ಮೊಳೆ ಒಂದು ಕ್ಷಣ ನಿಲ್ಲುವುದನ್ನು ಕಾದು, ಹೊಡೆದರು.